ಸಿಂಗಲ್ ರೂಮಿನಲ್ಲಿ ನಾನೊಬ್ಬಳೇ

ನಮ್ಮ ಮನೆಯಲ್ಲಿ ಮೂರು ಜನ. ಏನಾದರೂ ವಿಚಿತ್ರ ನಡೆಯಬೇಕಾದರೆ ಅದು ಉಳಿದಿಬ್ಬರನ್ನು ಬಿಟ್ಟು ನನ್ನನ್ನೇ ಹುಡುಕಿಕೊಂಡು ಬರುತ್ತದೆ. ಸಿಂಗಪುರದ ಪುಂಗೋಲ್‌ನ ನಮ್ಮ ಬ್ಲಾಕಿನ ಲಿಫ್ಟು ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ನಡುವೆ ಕೆಟ್ಟು ನಿಂತಿತು, ಒಳಗಿದ್ದವಳು ನಾನು. ಬ್ಲಾಕಿನ ಕೆಳಗೆ ಎಲ್ಲರಿಗೂ ಅಂತ ಖಾಲಿ ಬಿಟ್ಟಿರುವ ವಾಯ್ಡ್ ಡೆಕ್‌ನಲ್ಲಿ ಯಾರೋ ಚೀನೀಯರು ಸಾವಿನ ಶಾಮಿಯಾನ ಹಾಕಿದ್ದಾಗ ಬ್ಲಾಕಿನವರೆಲ್ಲ ಸುತ್ತಿ ಬಳಸಿ ಓಡಾಡಿದರು. ನಾನು ಮಾತ್ರ ಫೋನ್ ನೋಡುತ್ತಾ ನೇರ ಒಳಗೆ ಹೋಗಿ, ಸತ್ತವರ ಫೋಟೋ ಎದುರಿನ ಕುರ್ಚಿಯಲ್ಲಿ ಕೂತು ಮೆಸೇಜ್ ಟೈಪ್ ಮಾಡಿದೆ. ಯಾರೋ ಕಡಲೆಕಾಯಿಯನ್ನೂ ಪ್ಯಾಕೆಟ್ ಡ್ರಿಂಕನ್ನೂ ತಂದುಕೊಟ್ಟರು. ಅದನ್ನೂ ಮುಗಿಸಿಯೇ ತಲೆ ಎತ್ತಿದೆ. ಹಾಗಾಗಿ ಜಪಾನಿನಲ್ಲಿ ಆದದ್ದಕ್ಕೆಲ್ಲ ನಾನು ಜಪಾನನ್ನೇ ದೂರುವುದಿಲ್ಲ.

ಮೊದಲು ನನ್ನದೊಂದು ಗುಟ್ಟು ಹೇಳಿಬಿಡುತ್ತೇನೆ. ಜಪಾನಿಗೆ ಮೊದಲ ಸಲ ಹೊರಟಾಗ ನನಗೆ ನಲವತ್ತೇಳು. ಆವರೆಗೆ ಒಂದು ರಾತ್ರಿಯೂ ನಾನು ಒಂದು ಕೋಣೆಯಲ್ಲಿ ಒಬ್ಬಳೇ ಮಲಗಿದವಳಲ್ಲ. ಮೈಸೂರಿನಲ್ಲಿ ಚಿಕ್ಕವಳಿದ್ದಾಗ ನಡುಮನೆಯಲ್ಲಿ ಸಾಲಾಗಿ ಹಾಸಿಗೆ ಹಾಸಿ ಏಳು ಜನ ಮಲಗುತ್ತಿದ್ದೆವು. ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಒಂದು ರೂಮಿಗೆ ಮೂವರು. ಆಮೇಲೆ ಮದುವೆ, ಸಿಂಗಪುರ. ಗಂಡ ಊರಿಗೆ ಹೋದಾಗ ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತೇನೆ, ಪಾಪ ಮಗುವಿಗೆ ಹೆದರಿಕೆ ಅಂತ. ಹೆದರಿಕೆ ಯಾರಿಗೆ ಅಂತ ಆ ಮಗುವಿಗೂ ಗೊತ್ತು, ಆದರೆ ಅದು ಮರ್ಯಾದೆಗೆ ಬಾಯಿಬಿಡುವುದಿಲ್ಲ.

ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಒಂದು ಬ್ಯಾಂಕಿನ ಐಟಿ ಸೆಂಟರಿನಲ್ಲಿ ನನ್ನ ಕೆಲಸ. ಹನ್ನೊಂದು ವರ್ಷ ಇನ್ನೊಬ್ಬರು ಹೇಳಿದ್ದನ್ನು ಮಾಡಿಕೊಂಡಿದ್ದ ಮೇಲೆ ಕೊನೆಗೂ ನನ್ನನ್ನು ಒಂದು ಪ್ರಾಜೆಕ್ಟಿಗೆ ಲೀಡ್ ಮಾಡಿದರು. ಜಪಾನ್ ಬ್ರಾಂಚಿನ ಹಳೇ ಸಿಸ್ಟಮ್ ತೆಗೆದು ಹೊಸದು ಹಾಕುವ ಕೆಲಸ. ಎರಡು ತಿಂಗಳಿಗೊಮ್ಮೆ ಒಂದು ವಾರ ಅಲ್ಲಿ ಹೋಗಿ ಒಬ್ಬಳೇ ಇರಬೇಕು. ಟ್ರಾವೆಲ್ ಕಷ್ಟ ಅನ್ನುವುದಾದರೆ ಈಗಲೇ ಹೇಳಿ, ಕಾಯುತ್ತಿರುವವರು ಇನ್ನಿಬ್ಬರಿದ್ದಾರೆ ಎಂದರು ಮ್ಯಾನೇಜರ್. ಕಷ್ಟವೇ, ನನಗೇ, ಅಂತ ನಕ್ಕುಬಿಟ್ಟೆ. ರೂಮಿನಲ್ಲಿ ಒಬ್ಬಳೇ ಮಲಗಲಾರೆ ಅನ್ನುವ ಕಾರಣಕ್ಕೆ ಹನ್ನೊಂದು ವರ್ಷ ಕಾದದ್ದನ್ನು ಕೈಬಿಟ್ಟೆ ಅಂತ ಯಾರ ಹತ್ತಿರ ತಾನೆ ಹೇಳಲಿ? ಇವೆಲ್ಲ ಆ ಮೊದಲನೇ ವಾರದ ಪ್ರಸಂಗಗಳು.

೧. ಬಾಗಿಲು ತಟ್ಟುವ ಪಾಠ

ಹೊರಡುವ ಹಿಂದಿನ ದಿನ ಊಟದ ಹೊತ್ತಿನಲ್ಲಿ ನನ್ನ ಪಕ್ಕದ ಸೀಟಿನ ಚೀನೀ ಸಹೋದ್ಯೋಗಿ ನನಗೊಂದು ಪಾಠ ಮಾಡಿದಳು. ಅವಳು ಸಿಂಗಪುರದಲ್ಲೇ ಹುಟ್ಟಿ ಬೆಳೆದವಳು, ಮಹಾ ಬುದ್ಧಿವಂತೆ, ನಮ್ಮ ಸೆಕ್ಯುರಿಟಿ ಆಡಿಟ್ ಎಲ್ಲ ಅವಳದೇ. ಹೋಟೆಲ್ ರೂಮಿಗೆ ಯಾವತ್ತೂ ನೇರ ನುಗ್ಗಬಾರದಂತೆ. ಬಾಗಿಲನ್ನು ಮೂರು ಸಲ ತಟ್ಟಬೇಕು. ಸ್ವಲ್ಪ ಕಾಯಬೇಕು. ಆಮೇಲೆ ಬಾಗಿಲು ತೆಗೆದು, ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ ಅಂದು, ಪಕ್ಕಕ್ಕೆ ಸರಿದು ನಿಲ್ಲಬೇಕು. ಒಳಗಿರುವವರು ಹೊರಗೆ ಹೋಗಲು ದಾರಿ ಬೇಕಲ್ಲ. ಒಳಗಿರುವವರು ಅಂದರೆ ಯಾರು ಅಂತ ಕೇಳಿದೆ. ಅವಳು ಮೀನಿನ ಮುಳ್ಳು ತೆಗೆಯುತ್ತಾ, ಅದು ಹೋಟೆಲಿನಿಂದ ಹೋಟೆಲಿಗೆ ಬೇರೆಬೇರೆ ಎಂದಳು. ಕಾರಿಡಾರಿನ ಕೊನೇ ರೂಮನ್ನಂತೂ ಯಾವ ಕಾರಣಕ್ಕೂ ತೆಗೆದುಕೊಳ್ಳಬೇಡ ಅಂತಲೂ ಹೇಳಿದಳು.

ನಾವೆಲ್ಲ ಸೈನ್ಸ್ ಓದಿದವರು ಅಂತ ನಕ್ಕೆ. ಸೀಟಿಗೆ ವಾಪಸ್ ಬಂದವಳೇ ಎಲ್ಲವನ್ನೂ ಫೋನಿನಲ್ಲಿ ಬರೆದಿಟ್ಟುಕೊಂಡೆ.

ಜಪಾನಿನಲ್ಲಿ ನನಗೆ ಗೊತ್ತುಮಾಡಿದ್ದ ಹೋಟೆಲು ರೈಲ್ವೆ ಸ್ಟೇಷನ್ನಿನ ಎದುರಿಗೇ ಇತ್ತು. ಎರಡು ದೊಡ್ಡ ಕಟ್ಟಡಗಳ ಸಂದಿಯಲ್ಲಿ ಉಸಿರು ಹಿಡಿದು ನಿಂತ ತೆಳ್ಳಗಿನ ಕಟ್ಟಡ. ಕೆಳಗೆ ಚೆಕ್-ಇನ್ ಮಾಡುವ ಮೆಷಿನ್ನು, ಅದರ ಪಕ್ಕ ಐವತ್ತರ ಆಸುಪಾಸಿನ ಒಬ್ಬ ರಿಸೆಪ್ಶನಿಸ್ಟ್. ಮೆಷಿನ್ನು ಕಾರ್ಡ್ ಕೊಟ್ಟಾಗಲೆಲ್ಲ ಅವರು ಅದರ ಪರವಾಗಿ ತಲೆಬಾಗುತ್ತಿದ್ದರು. ನನಗೆ ಸಿಕ್ಕಿದ್ದು ಕಾರಿಡಾರಿನ ಕೊನೇ ರೂಮು.

ಭಾನುವಾರ ಮಧ್ಯಾಹ್ನ ಎರಡು ಗಂಟೆ. ಕಾರಿಡಾರಿನಲ್ಲಿ ನರಪಿಳ್ಳೆ ಇಲ್ಲ. ಅತ್ತಿತ್ತ ನೋಡಿ ನಾಚಿಕೆಯಿಂದಲೇ ಮೂರು ಸಲ ತಟ್ಟಿದೆ. ಕಾದೆ.

ಒಳಗಿನಿಂದ ಯಾರೋ ಮೂರು ಸಲ ತಟ್ಟಿದರು.

ಸೂಟ್‌ಕೇಸು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದೆ. ನನ್ನ ರೂಮಿನಲ್ಲಿ ಯಾರೋ ಇದ್ದಾರೆ ಅಂತ ರಿಸೆಪ್ಶನಿಸ್ಟ್‌ಗೆ ಹೇಳಿದೆ. ಅವರು ಕಂಪ್ಯೂಟರ್ ನೋಡಿ, ತಲೆಬಾಗಿ, ಯಾರೂ ಇಲ್ಲ ಎಂದರು. ಒಳಗಿನಿಂದ ತಟ್ಟಿದರು ಎಂದೆ. ಅವರು ಮತ್ತೊಮ್ಮೆ ನೋಡಿದರು. ಆ ರೂಮಿನಲ್ಲಿ ಇರುವವರು ಒಬ್ಬರೇ, ಅದು ನೀವೇ ಅಂತ ಬಹಳ ವಿನಯದಿಂದ ತಿಳಿಸಿದರು.

ಇಬ್ಬರೂ ಮೇಲೆ ಬಂದೆವು. ಅವರು ತಟ್ಟಿದರು. ಒಳಗಿನಿಂದ ಮೂರು ಏಟು. ಅವರ ಮುಖವೂ ಸುಣ್ಣವಾಯಿತು. ಕಾರ್ಡ್ ಹಾಕಿ ಬಾಗಿಲು ತೆಗೆದರೆ, ಬಾತ್‌ರೂಮಿನಿಂದ ಸ್ಪ್ಯಾನರ್ ಹಿಡಿದ ಒಬ್ಬ ನಲ್ಲಿ ರಿಪೇರಿಯವನು ಹೊರಗೆ ಬಂದು ತಲೆಬಾಗಿದ. ಆ ದೇಶದಲ್ಲಿ ಬಚ್ಚಲಿನ ಒಳಗಿದ್ದಾಗ ಯಾರಾದರೂ ತಟ್ಟಿದರೆ ಒಳಗಿನಿಂದ ವಾಪಸ್ ತಟ್ಟಿ, ಒಳಗೆ ಜನ ಇದ್ದಾರೆ ಅಂತ ತಿಳಿಸುವುದು ಪದ್ಧತಿಯಂತೆ. ಯಾವ ಬಾಗಿಲು ಅಂತ ಯೋಚಿಸದೆ ಅವನು ಅಭ್ಯಾಸಬಲದಿಂದ ತಟ್ಟಿದ್ದ.

ಎದೆಬಡಿತ ಇಳಿದ ಮೇಲೆ ಸಹೋದ್ಯೋಗಿಗೆ ಮೆಸೇಜ್ ಮಾಡಿದೆ: ನೀನು ಹೇಳಿದ ಹಾಗೆ ತಟ್ಟಿದೆ, ಒಬ್ಬ ಹೊರಗೆ ಹೋದ.

ಅವಳು ತಕ್ಷಣ ಉತ್ತರ ಬರೆದಳು: "ಓನ್ಲಿ ಒನ್ ಆ?"

೨. ಮೇಲೇಳುವ ಮುಚ್ಚಳ

ರೂಮು ಎಷ್ಟು ಚಿಕ್ಕದೆಂದರೆ ಮಂಚದ ಮೇಲೆ ಕೂತು ಕೈಚಾಚಿದರೆ ಕಿಟಕಿ, ಕಾಲು ಚಾಚಿದರೆ ಬಾತ್‌ರೂಮು. ಕಿಟಕಿಯ ಕೆಳಗೇ ರೈಲು ಹಳಿ. ಪ್ರತಿ ರೈಲು ಹೋದಾಗಲೂ ಮೇಜಿನ ಮೇಲಿನ ಕಪ್ಪು ತಾನಾಗಿ ಒಂದಿಷ್ಟು ಸರಿದು ನಿಲ್ಲುತ್ತಿತ್ತು. ಸಂಜೆ ಆರಕ್ಕೆ ಕೈಕಾಲು ತೊಳೆದು ದೇವರಿಗೆ ಕೈಮುಗಿಯುವುದು ನನ್ನ ರೂಢಿ, ಹೆದರಿಕೆಯಾದ ದಿನ ಅದು ಸ್ವಲ್ಪ ದೀರ್ಘವಾಗುತ್ತದೆ. ದೀಪ ಹಚ್ಚಿದರೆ ಅಲಾರಂ ಹೊಡೆಯುತ್ತದೆ ಅಂತ ಗೋಡೆಯ ಮೇಲೆ ಚಿತ್ರ ಬರೆದು ಹಾಕಿದ್ದರು. ಅದಕ್ಕೆ ಫೋನಿನಲ್ಲಿ ದೀಪದ ಚಿತ್ರ ಇಟ್ಟು, ಪರ್ಸಿನಲ್ಲಿದ್ದ ಚಾಮುಂಡಿಯ ಫೋಟೋ ಗೋಡೆಗೆ ಒರಗಿಸಿ, ಕಣ್ಣುಮುಚ್ಚಿ ಸ್ತೋತ್ರ ಹೇಳಿದೆ. ಕೊನೆಗೆ ಬಗ್ಗಿ ನಮಸ್ಕಾರ ಮಾಡಿದೆ.

ಹಿಂದೆ ಯಾರೋ ನಿಟ್ಟುಸಿರು ಬಿಟ್ಟಂತಾಯಿತು.

ತಿರುಗಿ ನೋಡಿದೆ. ಬಾತ್‌ರೂಮಿನ ಕತ್ತಲಲ್ಲಿ ಮಂಕು ನೀಲಿ ಬೆಳಕು ಹತ್ತಿಕೊಂಡಿದೆ. ಕಮೋಡಿನ ಮುಚ್ಚಳ ನಿಧಾನವಾಗಿ ಮೇಲೇಳುತ್ತಿದೆ. ನಾನು ಅಲ್ಲಾಡದೆ ನಿಂತೆ. ಸ್ವಲ್ಪ ಹೊತ್ತಿಗೆ ಅದು ಇನ್ನೊಂದು ನಿಟ್ಟುಸಿರು ಬಿಟ್ಟು ಕೆಳಗೆ ಕೂತಿತು, ಬೆಳಕು ಆರಿತು. ಇನ್ನೊಂದು ಸಲ ಕೈಮುಗಿದು ಬಗ್ಗಿದೆ. ಮತ್ತೆ ನಿಟ್ಟುಸಿರು, ಮತ್ತೆ ನೀಲಿ ಬೆಳಕು. ದೇವರ ಹೆಸರು ಹೇಳಿದ ಕೂಡಲೇ ಎದ್ದು ನಿಲ್ಲುವಂಥದ್ದು ಏನಿರಬಹುದು ಅಂತ ನನಗೆ ಚಿಕ್ಕಂದಿನಲ್ಲಿ ಕೇಳಿದ ಕಥೆಗಳೆಲ್ಲ ನೆನಪಾದವು.

ಮನೆಗೆ ವಿಡಿಯೋ ಕಾಲ್ ಮಾಡಿದೆ. ಗಂಡ ಗಂಭೀರವಾಗಿ ಕೇಳಿಸಿಕೊಂಡರು. ಅವರೂ ಎಂಜಿನಿಯರ್. ಫೋನನ್ನು ಮೇಜಿನ ಮೇಲೆ ಇಟ್ಟು ಇನ್ನೊಮ್ಮೆ ಮಾಡಿ ತೋರಿಸು ಎಂದರು. ಮಾಡಿ ತೋರಿಸಿದೆ. ಅದು ಸೆನ್ಸರ್ ಅಂತ ಅವರಿಗೆ ಗೊತ್ತಾಯಿತು. ರೂಮು ಇಕ್ಕಟ್ಟಾದ್ದರಿಂದ ನಾನು ಬಗ್ಗಿದಾಗೆಲ್ಲ ನನ್ನ ಹಿಂಭಾಗ ಬಾತ್‌ರೂಮಿನ ಬಾಗಿಲನ್ನು ದಾಟಿ ಒಳಗೆ ಹೋಗುತ್ತಿತ್ತಂತೆ. ಇದನ್ನು ಹೇಗೆ ಹೇಳುವುದು ಅಂತ ಅವರು ಮಾತು ಹುಡುಕುತ್ತಿರುವಾಗ ಮಗಳು ಫೋನು ಕಸಿದುಕೊಂಡಳು.

"ಅಮ್ಮಾ, ಜಪಾನಲ್ಲಿ ಎಲ್ರೂ ವಾಪಸ್ ಬೋ ಮಾಡ್ತಾರೆ ಲಾ. ಅದೂ ಮಾಡ್ತಿದೆ ಅಷ್ಟೇ."

೩. ಇಲ್ಲದ ಮಹಡಿ

ಲಿಫ್ಟಿನಲ್ಲಿ ಒಂದು, ಎರಡು, ಮೂರು ಆದ ಮೇಲೆ ಐದು. ನಾಲ್ಕರ ಬಟನ್ನೇ ಇಲ್ಲ. ಇದು ನನಗೆ ಹೊಸದಲ್ಲ, ಸಿಂಗಪುರದ ಎಷ್ಟೋ ಕಾಂಡೋಗಳಲ್ಲೂ ಹೀಗೇ. ಚೀನೀಯರಿಗೂ ಜಪಾನಿನವರಿಗೂ ನಾಲ್ಕು ಅಂದರೆ ಸಾವು ಅಂದ ಹಾಗೆ ಕೇಳಿಸುತ್ತದಂತೆ. ನಮ್ಮ ಪುಂಗೋಲ್ ಫ್ಲ್ಯಾಟಿನ ನಂಬರಿನಲ್ಲಿ ಎರಡು ನಾಲ್ಕುಗಳಿವೆ. ನಮಗಿಂತ ಮುಂಚೆ ನೋಡಿದ ಮೂರು ಚೀನೀ ಕುಟುಂಬಗಳು ಬಾಗಿಲಿನಿಂದಲೇ ವಾಪಸ್ ಹೋಗಿದ್ದರಿಂದ ಅದು ನಮಗೆ ಸಿಕ್ಕಿತು.

ಆದರೆ ಹೆದರಿದವರ ತಲೆ ಸುಮ್ಮನೆ ಕೂರುವುದಿಲ್ಲ. ಸೋಮವಾರ ಕೆಲಸದಿಂದ ಬರುತ್ತಾ ಸ್ಟೇಷನ್ನಿನ ಮುಂದೆ ನಿಂತು ಹೋಟೆಲಿನ ಕಿಟಕಿಗಳ ಸಾಲನ್ನು ಎಣಿಸಿದೆ. ಕೆಳಗಿನಿಂದ ಒಂದು, ಎರಡು, ಮೂರು. ಅದರ ಮೇಲಿನ ಸಾಲಿನಲ್ಲಿ ಬಲತುದಿಯ ಕಿಟಕಿ ನನ್ನದು, ಒಣಗಲು ಹಾಕಿದ್ದ ನನ್ನ ದುಪಟ್ಟ ಕಾಣುತ್ತಿತ್ತು. ರೂಮಿನ ನಂಬರ್ ಐನೂರರದ್ದು. ಮಲಗುತ್ತಿರುವುದು ನಾಲ್ಕನೆಯದರಲ್ಲಿ.

ರಿಸೆಪ್ಶನಿಸ್ಟ್‌ಗೆ ಇದನ್ನು ತೋರಿಸಿದೆ. ಹೊರಗೆ ಕರೆದುಕೊಂಡು ಹೋಗಿ ಬೆರಳಿಟ್ಟು ಎಣಿಸಿದೆ. ಆ ಮನುಷ್ಯ ಈ ಹೋಟೆಲಿನಲ್ಲಿ ಹದಿನೈದು ವರ್ಷದಿಂದ ಇದ್ದಾರಂತೆ. ಅವರೂ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ಒಳಗೆ ಹೋದರು.

ಮಾರನೆಯ ದಿನ ಅವರು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಐದನೇ ಮಹಡಿಗೆ ಬಂದದ್ದನ್ನು ನೋಡಿದೆ. ಮೆಟ್ಟಿಲು ಎಣಿಸುತ್ತಿದ್ದರು.

೪. ಗೊರಕೆ

ಹಗಲೆಲ್ಲ ಗಡಗಡ ಅನ್ನುವ ರೈಲುಗಳಾದರೂ ಜೊತೆಗಿರುತ್ತಿದ್ದವು. ಕೊನೇ ರೈಲು ಹೋದ ಮೇಲೆ ಆ ಊರು ಬಾಯಿಗೆ ಬೀಗ ಹಾಕಿಕೊಂಡಂತೆ ಸುಮ್ಮನಾಗುತ್ತಿತ್ತು. ಮೊದಲ ರಾತ್ರಿ ನಾನು ಮಲಗಲೇ ಇಲ್ಲ, ಗೋಡೆಗೆ ಒರಗಿ ಕೂತು ಬೆಳಗು ಮಾಡಿದೆ. ಸೋಮವಾರ ಮೀಟಿಂಗಿನಲ್ಲಿ ತೂಕಡಿಸಿ, ಜಪಾನ್ ಟೀಮಿನವರ ಮುಂದೆ ತಲೆ ಮೇಜಿಗೆ ತಗುಲಿತು. ಹೀಗೇ ಆದರೆ ಮ್ಯಾನೇಜರ್ ಕೇಳುವ ಮುಂಚೆ ನಾನೇ ಕೈಮುಗಿದು ವಾಪಸ್ ಹೋಗಬೇಕಾಗುತ್ತದೆ ಅನ್ನಿಸಿತು.

ಅವತ್ತು ರಾತ್ರಿ ಗಂಡನಿಗೆ ಫೋನ್ ಮಾಡಿದೆ. "ರೀ, ಕಾಲ್ ಕಟ್ ಮಾಡ್ಬೇಡಿ. ಹಾಗೇ ದಿಂಬಿನ ಪಕ್ಕ ಇಟ್ಕೊಂಡು ಮಲ್ಕೊಳ್ಳಿ."

"ಯಾಕೆ, ಭಯಾನಾ?"

"ಏನಿಲ್ಲ, ಪಾಪುಗೆ ಕೆಮ್ಮು ಇತ್ತಲ್ಲ, ಕೇಳಿಸ್ಕೊಳ್ಳೋಣ ಅಂತ."

ನನ್ನ ಗಂಡನ ಗೊರಕೆಯನ್ನು ಹದಿನೆಂಟು ವರ್ಷದಿಂದ ಬೈದುಕೊಂಡು ಬಂದಿದ್ದೇನೆ. ಆ ರಾತ್ರಿ ಅದರ ವಾಲ್ಯೂಮ್ ಪೂರ್ತಿ ಏರಿಸಿ ದಿಂಬಿನ ಪಕ್ಕ ಇಟ್ಟುಕೊಂಡೆ. ಪುಂಗೋಲಿನಿಂದ ಬಂದ ಆ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು. ಮಂಗಳವಾರ ಬೆಳಗಿನವರೆಗೆ ಒಂದೇ ನಿದ್ದೆ.

ಬೆಳಿಗ್ಗೆ ರಿಸೆಪ್ಶನಿಸ್ಟ್ ನನ್ನನ್ನು ತಡೆದು, ತಲೆಬಾಗಿ, ಬಹಳ ಸಂಕೋಚದಿಂದ ಮಾತು ತೆಗೆದರು. ಪಕ್ಕದ ರೂಮಿನವರಿಗೆ ರಾತ್ರಿಯೆಲ್ಲ ಗಂಡಸಿನ ಗೊರಕೆ ಕೇಳಿಸಿತಂತೆ. ನನ್ನದು ಸಿಂಗಲ್ ರೂಮು. ಕಾರಿಡಾರಿನ ಕ್ಯಾಮೆರಾದಲ್ಲಿ ನೋಡಿದರೆ ಯಾವ ಗಂಡಸೂ ಒಳಗೆ ಹೋದದ್ದು ಕಾಣುವುದಿಲ್ಲ. ಅವರ ಹಣೆಯಲ್ಲಿ ಬೆವರಿತ್ತು. ಅದು ನನ್ನ ಗಂಡ ಎಂದೆ. ಅವರು ಎಲ್ಲಿದ್ದಾರೆ ಅಂತ ಕೇಳಿದರು. ಅವರಿಗೆ ಬರುವ ಇಂಗ್ಲಿಷು ಅಷ್ಟಕ್ಕಷ್ಟೆ, ನನಗೆ ಟ್ರೈನಿಗೆ ಹೊತ್ತಾಗಿತ್ತು. ಫೋನಿನಲ್ಲಿದ್ದ ಗಂಡನ ಫೋಟೋ ತೋರಿಸಿ, ವಿಮಾನದಲ್ಲಿ ಹೋಗುವಷ್ಟು ದೂರ ಅನ್ನಲು ಕೈಯನ್ನು ಮೇಲಕ್ಕೆತ್ತಿ ಆಕಾಶದ ಕಡೆ ತೋರಿಸಿದೆ.

ಆ ಮನುಷ್ಯ ಕನ್ನಡಕ ತೆಗೆದು ಅಲ್ಲಿಯವರೆಗೆ ಬಾಗದಷ್ಟು ಬಾಗಿದರು.

ಸಂಜೆ ಬಂದಾಗ ಮೇಜಿನ ಮೇಲೆ ಪುಟ್ಟ ಹೂದಾನಿಯಲ್ಲಿ ಒಂದು ಬಿಳಿ ಸೇವಂತಿಗೆ. ನಮಗೆ ಸೇವಂತಿಗೆ ಅಂದರೆ ಹಬ್ಬ. ಎಷ್ಟು ಮರ್ಯಾದೆಯ ಜನ ನೋಡಿ ಅಂತ ಫೋಟೋ ತೆಗೆದು ಮನೆಗೆ ಕಳಿಸಿದೆ. ಗಂಡನಿಗೂ ಖುಷಿಯಾಗಿ ಅದನ್ನೇ ತಮ್ಮ ಡಿಪಿ ಮಾಡಿಕೊಂಡರು. ಮಾರನೆಯ ದಿನ, ಬಿಳಿ ಸೇವಂತಿಗೆಯನ್ನು ಸಾವಿಗಷ್ಟೇ ಇಡುವ ಅವರ ಆಫೀಸಿನ ಚೀನೀ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಹತ್ತಿರ ಬಂದು, ಜಪಾನಿಗೆ ಹೋದ ನಿಮ್ಮ ಹೆಂಡತಿಗೆ ಏನಾಯಿತು ಅಂತ ಮೆಲ್ಲಗೆ ಕೇಳಿದರಂತೆ.

೫. ಕನ್ನಡಿಯ ಮೇಲೆ

ಇನ್ನು ಉಳಿದದ್ದು ಒಂದು. ಇದನ್ನು ನೆನೆದರೆ ಈಗಲೂ ನನಗೆ ನಗುವೂ ಬರುತ್ತದೆ, ಮೈಯೂ ಜುಂ ಅನ್ನುತ್ತದೆ.

ರಾತ್ರಿ ಮುಖ ತೊಳೆಯುವ ಮುಂಚೆ ಹಣೆಯ ಸ್ಟಿಕ್ಕರ್ ತೆಗೆದು ಬಾತ್‌ರೂಮಿನ ಕನ್ನಡಿಗೆ ಅಂಟಿಸುವುದು ನನಗೆ ಅಭ್ಯಾಸ. ನಮ್ಮಂಥ ಹೆಂಗಸರಿರುವ ಯಾವ ಮನೆಗೆ ಹೋದರೂ ಕನ್ನಡಿಯಲ್ಲಿ ಮುಖ ಕಾಣಲು ಸ್ವಲ್ಪ ಜಾಗ ಹುಡುಕಬೇಕಾಗುತ್ತದೆ. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಪ್ಯಾಕೆಟ್ಟಿನಿಂದ ಹೊಸದು ತೆಗೆದು ಇಟ್ಟುಕೊಳ್ಳುವುದೂ ಅಭ್ಯಾಸವೇ.

ಭಾನುವಾರ ರಾತ್ರಿ ಒಂದು ಕೆಂಪು ಸ್ಟಿಕ್ಕರನ್ನು ಕನ್ನಡಿಯ ನಟ್ಟನಡುವೆ, ನನ್ನ ಹಣೆಯ ಎತ್ತರಕ್ಕೆ ಅಂಟಿಸಿದ್ದೆ. ಸೋಮವಾರ ಸಂಜೆ ನೋಡಿದರೆ ಅದು ಕೆಳಗಿನ ಎಡಮೂಲೆಯಲ್ಲಿತ್ತು. ನಿದ್ದೆಗೆಟ್ಟ ತಲೆ, ಮರೆತಿರಬೇಕು ಅಂದುಕೊಂಡೆ. ರಾತ್ರಿ ಎರಡನೆಯದನ್ನು ನಡುವೆ ಅಂಟಿಸಿದೆ. ಮಂಗಳವಾರ ಸಂಜೆ ಅದೂ ಮೂಲೆಗೆ ಹೋಗಿ ಮೊದಲನೆಯದರ ಪಕ್ಕ ನಿಂತಿತ್ತು. ಬುಧವಾರ ಸಂಜೆ ಮೂರು. ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರ ಸಾಲು, ನಡುವೆ ಒಂದೇ ಅಳತೆಯ ಅಂತರ.

ಬಾತ್‌ರೂಮಿನಿಂದ ಹೊರಗೆ ಬಂದರೆ, ರೂಮಿನ ಬಾಗಿಲ ಒಳಗೆ ಹೊಸ್ತಿಲ ಬಳಿ ಒಂದು ಬಿಳಿ ತಟ್ಟೆ. ತಟ್ಟೆಯಲ್ಲಿ ಗೋಪುರ ಮಾಡಿಟ್ಟ ಉಪ್ಪು.

ಕನ್ನಡಿಯಲ್ಲಿ ತಾನಾಗಿ ಓಡಾಡುವ ಕೆಂಪು ಬೊಟ್ಟು, ಹೊಸ್ತಿಲಲ್ಲಿ ಉಪ್ಪು. ಬೇರೆಯವರಿಗೆ ಇದು ಏನನ್ನಿಸುತ್ತದೋ, ಮೈಸೂರಿನ ನಮ್ಮ ಬೀದಿಯಲ್ಲಿ ಬೆಳೆದವರಿಗೆ ಇದರ ಅರ್ಥ ಒಂದೇ. ಯಾರೋ ಮಾಟ ಮಾಡಿಸಿದ್ದಾರೆ. ಇಂಥದ್ದನ್ನು ಕಂಡ ದಿನ ನಮ್ಮಮ್ಮ ಶಾಲೆಗೆ ಹೋಗಲೂ ಬೇರೆ ದಾರಿ ಹಿಡಿಸುತ್ತಿದ್ದಳು. ಜಪಾನಿನಲ್ಲಿ ನನಗೆ ಮಾಟ ಮಾಡಿಸುವವರು ಯಾರು ಅಂತ ಯೋಚಿಸಿದೆ. ಲೀಡ್ ಆಗಲು ಕಾಯುತ್ತಿದ್ದ ಇನ್ನಿಬ್ಬರ ಮುಖ ಕಣ್ಣಮುಂದೆ ಬಂತು. ಪಾಪ, ಅದರಲ್ಲಿ ಒಬ್ಬ ಹುಷಾರಿಲ್ಲದೆ ರಜೆಯಲ್ಲಿದ್ದ. ಅವನ ಮೇಲೆ ಅನುಮಾನ ಇನ್ನೂ ಹೆಚ್ಚಾಯಿತು.

ಅಮ್ಮ ಮಾಡುತ್ತಿದ್ದುದನ್ನೇ ಮಾಡಿದೆ. ಆ ಉಪ್ಪನ್ನೇ ಮುಷ್ಟಿಯಲ್ಲಿ ಹಿಡಿದು, ನಾಯಿ ಕಣ್ಣು ನರಿ ಕಣ್ಣು ಎಲ್ಲವನ್ನೂ ಹೇಳಿ ನನಗೆ ನಾನೇ ಮೂರು ಸಲ ನಿವಾಳಿಸಿಕೊಂಡು, ಬೇಸಿನ್ನಿನಲ್ಲಿ ನೀರು ಬಿಟ್ಟು ಕರಗಿಸಿದೆ. ತಟ್ಟೆಯನ್ನು 'ಛೀ' ಎಂದು ಕಾಲಿನಿಂದ ಮೂಲೆಗೆ ತಳ್ಳಿದೆ.

ಗುರುವಾರ ಸಂಜೆ ಬಾಗಿಲು ತೆಗೆದರೆ ಬಾಗಿಲ ಬಳಿ ಒಂದು ಗೋಪುರ, ಬಾತ್‌ರೂಮಿನ ಮುಂದೆ ಇನ್ನೊಂದು, ಎರಡೂ ನಿನ್ನೆಯದಕ್ಕಿಂತ ಎತ್ತರ. ಕನ್ನಡಿಯಲ್ಲಿ ನಾಲ್ಕು ಕೆಂಪು ಬೊಟ್ಟುಗಳು. ನಾಲ್ಕು ಅನ್ನುವುದನ್ನು ನೋಡಿ ಕನ್ನಡಿಗೆ ಬೆನ್ನು ಕೊಡದೆ ಹಿಂದೆ ಹಿಂದೆಯೇ ನಡೆದು ಹೊರಗೆ ಬಂದೆ. ಎರಡು ಗೋಪುರವನ್ನೂ ನಿವಾಳಿಸಿ ಕರಗಿಸಿದೆ, ಆದರೆ ಬಾಯಲ್ಲಿ ನಾಯಿ ನರಿಗಳ ಹೆಸರೂ ಸರಿಯಾಗಿ ಹೊರಡಲಿಲ್ಲ. ಆಮೇಲೆ ಮಂಚದ ಮೇಲೆ ಕೂತು ಮ್ಯಾನೇಜರಿಗೆ ಮೇಲ್ ಬರೆದೆ. ಮನೆಯ ಕಾರಣಗಳಿಂದ ಇನ್ನು ಮುಂದೆ ಪ್ರಯಾಣ ಮಾಡಲಾರೆ, ಲೀಡ್ ಜವಾಬ್ದಾರಿಯನ್ನು ಬೇರೆಯವರಿಗೆ ಕೊಡಿ. ಬರೆಯುವಾಗ ಬಿಕ್ಕಿ ಬಿಕ್ಕಿ ಅತ್ತೆ. ಹನ್ನೊಂದು ವರ್ಷ, ಒಂದು ಹಿಡಿ ಉಪ್ಪಿನಲ್ಲಿ ಕರಗಿ ಹೋಗುತ್ತಿದೆ ಅನ್ನಿಸಿತು.

ಕಳಿಸಲು ಮಾತ್ರ ಬೆರಳು ಏಳಲಿಲ್ಲ. ಹೋಗುವುದೇ ಆದರೆ ಅದು ಏನು ಅಂತ ಕಣ್ಣಾರೆ ನೋಡಿಯೇ ಹೋಗುತ್ತೇನೆ ಅಂತ ಸಿಟ್ಟು ಬಂತು. ಇದೆಲ್ಲ ನಡೆಯುತ್ತಿದ್ದದ್ದು ಹಗಲು ಹೊತ್ತಿನಲ್ಲಿ, ನಾನು ಕೆಲಸಕ್ಕೆ ಹೋದಾಗ. ಶುಕ್ರವಾರ ಮಧ್ಯಾಹ್ನದ ಮೇಲೆ ಬರುತ್ತೇನೆ ಅಂತ ಆಫೀಸಿಗೆ ತಿಳಿಸಿ ರೂಮಿನಲ್ಲೇ ಉಳಿದೆ. ಶುಕ್ರವಾರವಾದ್ದರಿಂದ ತಲೆಗೆ ಸ್ನಾನ ಮಾಡಿದ್ದೆ. ಧೈರ್ಯಕ್ಕೆ ಇರಲಿ ಅಂತ ಪ್ಯಾಕೆಟ್ಟಿನಲ್ಲಿದ್ದ ಅತಿ ದೊಡ್ಡ ಸ್ಟಿಕ್ಕರ್ ಇಟ್ಟುಕೊಂಡಿದ್ದೆ. ಒದ್ದೆ ಕೂದಲನ್ನು ಮುಂದಕ್ಕೆ ಇಳಿಬಿಟ್ಟು, ನಾನಿರುವುದು ಗೊತ್ತಾಗಬಾರದು ಅಂತ ಪರದೆ ಎಳೆದು, ದೀಪ ಆರಿಸಿ, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಬಾಗಿಲನ್ನೇ ನೋಡುತ್ತಾ ಕೂತೆ.

ಹತ್ತು ಗಂಟೆಗೆ ಹೊರಗೆ ಪಿಸುಮಾತು. ಬಾಗಿಲು ಮೆಲ್ಲಗೆ ತೆರೆಯಿತು. ಮುಂದೆ ರಿಸೆಪ್ಶನಿಸ್ಟ್. ಅವರ ಬೆನ್ನಿಗೆ ಅಂಟಿಕೊಂಡು ರೂಮು ಸ್ವಚ್ಛ ಮಾಡುವ ಪುಟ್ಟ ಹೆಂಗಸು, ಅರವತ್ತು ದಾಟಿರಬೇಕು, ಎದೆಗೆ ಒಂದು ಉಪ್ಪಿನ ಪ್ಯಾಕೆಟ್ ಅವಚಿಕೊಂಡಿದ್ದರು.

ಕಾರಿಡಾರಿನ ಬೆಳಕು ನನ್ನ ಮೇಲೆ ಬಿತ್ತು. ಅವರಿಗೆ ಏನು ಕಂಡಿರಬಹುದು ಅಂತ ನನಗೆ ಹೊಳೆದದ್ದು ಆಮೇಲೆ. ಆ ಕ್ಷಣ ನನಗೆ ಗೊತ್ತಾದದ್ದು ಇಷ್ಟೆ, ಒಂದು ದೊಡ್ಡ ಹಿಡಿ ಉಪ್ಪು ಬಂದು ನನ್ನ ಮುಖಕ್ಕೆ ಬಡಿಯಿತು. ಆ ಹೆಂಗಸಿನ ಗುರಿ ಬಹಳ ಚೆನ್ನಾಗಿತ್ತು. ವಾರವಿಡೀ ಪ್ರತಿ ಮಾತಿಗೂ ತಲೆಬಾಗಿದ್ದ ರಿಸೆಪ್ಶನಿಸ್ಟ್ ಬಾಗುವುದನ್ನು ಮರೆತು ಕಾರಿಡಾರಿನಲ್ಲಿ ಕುಸಿದು ಕೂತರು. ನಾನು ಕಣ್ಣುಜ್ಜಿಕೊಳ್ಳುತ್ತಾ ಕನ್ನಡದಲ್ಲೇ ಕಿರುಚಿಕೊಂಡೆ. ಅದನ್ನು ಕೇಳಿ ಅವರಿಬ್ಬರೂ ಇನ್ನಷ್ಟು ಕಿರುಚಿದರು.

ಎಲ್ಲರೂ ಸುಮ್ಮನಾಗಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ರಿಸೆಪ್ಶನಿಸ್ಟ್ ಫೋನಿನಲ್ಲಿ ಅನುವಾದದ ಆ್ಯಪ್ ಹಾಕಿ ನಮ್ಮಿಬ್ಬರ ನಡುವೆ ಹಿಡಿದರು. ಆ ಹೆಂಗಸು ಉಪ್ಪಿನ ಪ್ಯಾಕೆಟ್ ಕೆಳಗಿಡದೆಯೇ ಹೇಳಿದರು. ಸೋಮವಾರ ಕನ್ನಡಿಯಲ್ಲಿ, ಸರಿಯಾಗಿ ಮನುಷ್ಯರ ಹಣೆ ಬರುವ ಕಡೆ, ಒಂದು ರಕ್ತದ ಹನಿ. ಒರೆಸಿದರೆ ಹೋಗಲಿಲ್ಲ. ಕೆರೆದಾಗ ಬಿಡಿಸಿಕೊಂಡು ಬಂತು. ಅತಿಥಿಗಳದ್ದು ಒಂದು ಚೂರು ಕಾಗದವಾದರೂ ಬಿಸಾಡಬಾರದು ಅನ್ನುವುದು ಹೋಟೆಲಿನ ನಿಯಮ, ಅದಕ್ಕೆ ಮೂಲೆಯಲ್ಲಿ ಜೋಪಾನವಾಗಿ ಅಂಟಿಸಿದರು. ಮಾರನೆಯ ದಿನ ಅದೇ ಜಾಗದಲ್ಲಿ ಇನ್ನೊಂದು ಹನಿ. ಅವತ್ತೇ ರಿಸೆಪ್ಶನಿಸ್ಟ್, ಸತ್ತುಹೋದ ಗಂಡ ಗೊರಕೆ ಹೊಡೆದ ಸುದ್ದಿ ಹೇಳಿದರು. ಕೆಟ್ಟದ್ದು ಬರದಿರಲಿ ಅಂತ ಬುಧವಾರ ಉಪ್ಪು ಇಟ್ಟರು, ಅವರ ಕಡೆ ಅದೇ ರಕ್ಷೆ. ಗುರುವಾರ ಬಂದು ನೋಡಿದರೆ ಯಾರೋ ಉಪ್ಪು ತಿಂದು ತಟ್ಟೆ ನೆಕ್ಕಿ ಮೂಲೆಗೆ ಎಸೆದಿದ್ದರು. ಎರಡು ತಟ್ಟೆ ಇಟ್ಟರು, ಜಾಸ್ತಿ ಹಾಕಿ. ಇವತ್ತು ಬೆಳಿಗ್ಗೆ ಕೆಲಸ ಬಿಡುತ್ತೇನೆ ಅಂತ ಅವರೂ ಕಾಗದ ಬರೆದುಕೊಟ್ಟಿದ್ದರಂತೆ. ರಿಸೆಪ್ಶನಿಸ್ಟ್ ತಾನೂ ಜೊತೆಗೆ ಬರುತ್ತೇನೆ ಅಂತ ಒಪ್ಪಿಸಿ ಕರೆತಂದಿದ್ದರು.

ನಾನು ಹಣೆಯಿಂದ ಸ್ಟಿಕ್ಕರ್ ತೆಗೆದು ತೋರಿಸಿದೆ. ಪ್ಯಾಕೆಟ್ ತೋರಿಸಿದೆ. ಸಿಂಗಪುರಕ್ಕೆ ವಿಡಿಯೋ ಕಾಲ್ ಮಾಡಿ, ಆಫೀಸಿನಲ್ಲಿದ್ದ ಗಂಡನನ್ನು ಜೀವಂತ ತೋರಿಸಿದೆ. ಏನೂ ಅರ್ಥವಾಗದ ಅವರು ಅಲ್ಲಿಂದಲೇ ಕೈಮುಗಿದರು. ಆ ಹೆಂಗಸು ಫೋನಿನ ಪರದೆಯನ್ನು ಹತ್ತಿರದಿಂದ ನೋಡಿ, ದೂರದಿಂದ ನೋಡಿ, ಕೊನೆಗೆ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ರಿಸೆಪ್ಶನಿಸ್ಟ್ ಗೋಡೆಗೆ ಒರಗಿ ಕಣ್ಣೀರು ಬರುವಷ್ಟು ನಕ್ಕರು. ನನಗಂತೂ ಒಂದು ವಾರದ ಭಯವೆಲ್ಲ ನಗುವಾಗಿ ಹೊರಗೆ ಬಂತು. ಮ್ಯಾನೇಜರಿಗೆ ಬರೆದ ಮೇಲನ್ನು ಅವರ ಮುಂದೆಯೇ ಅಳಿಸಿದೆ.

ಆಮೇಲೆ ಆಕೆ ಫೋನಿಗೆ ಏನೋ ಹೇಳಿದರು. ಫೋನು ಅದನ್ನು ಇಂಗ್ಲಿಷಿನಲ್ಲಿ ಹೇಳಿತು. ತಾನು ಹಾಸಿಗೆ ಸರಿಮಾಡುವವರೆಗೆ ನೀವು ರೂಮಿನಲ್ಲೇ ನಿಂತಿರುತ್ತೀರಾ, ಒಬ್ಬಳೇ ಇರಲು ಭಯ. ನಲವತ್ತೇಳು ವರ್ಷದಲ್ಲಿ ಯಾರೂ ನನ್ನನ್ನು ಧೈರ್ಯಕ್ಕೆ ಅಂತ ನಿಲ್ಲಿಸಿಕೊಂಡಿರಲಿಲ್ಲ. ಕೂದಲು ಗಂಟು ಹಾಕಿ, ಸೊಂಟದ ಮೇಲೆ ಕೈಯಿಟ್ಟು, ಬಾಗಿಲಲ್ಲಿ ಕಾವಲು ನಿಂತೆ. ಆಕೆ ಹಾಸಿಗೆಯನ್ನೂ ಸರಿಮಾಡಿದರು, ನನ್ನ ಮೇಲಿನ ಉಪ್ಪನ್ನೂ ಕೊಡವಿದರು.

ಹೊರಡುವಾಗ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದುಕೊಂಡು ಇನ್ನೊಂದು ಮಾತು ಹೇಳಿದರು. ಫೋನು ಹೇಳಿತು: "ಈ ರೂಮಿನಲ್ಲಿ ಒಬ್ಬರೇ ಮಲಗುವ ನೀವು ತುಂಬಾ ಧೈರ್ಯವಂತರು."

ಈ ರೂಮಿನಲ್ಲಿ ಅಂದರೆ?

ಆಕೆ ದನಿ ತಗ್ಗಿಸಿ, ಮಂಚದ ಕಾಲಿನ ಕಡೆ ಬೆರಳು ತೋರಿಸಿ, ಅದಕ್ಕಿಂತ ಉದ್ದವಾದ ಎರಡನೇ ಮಾತನ್ನು ಹೇಳಿದರು. ರಿಸೆಪ್ಶನಿಸ್ಟ್ ನಗುವುದನ್ನು ನಿಲ್ಲಿಸಿದರು. ಅವರು ಫೋನನ್ನು ನನ್ನ ಕಡೆ ತಿರುಗಿಸುವ ಮುಂಚೆ ನಾನು ಅದರ ಮೇಲೆ ಅಂಗೈ ಮುಚ್ಚಿ, ಥ್ಯಾಂಕ್ಸ್, ನನಗೆ ಆಫೀಸಿಗೆ ಹೊತ್ತಾಯಿತು ಎಂದೆ.

ಆಮೇಲೆ ಏಳು ಸಲ ಹೋಗಿ ಬಂದಿದ್ದೇನೆ. ಪ್ರಾಜೆಕ್ಟು ಚೆನ್ನಾಗಿ ನಡೆಯುತ್ತಿದೆ. ಪರಿಚಯದವಳು ಅಂತ ಪ್ರತಿ ಸಲವೂ ನನಗೆ ಅದೇ ರೂಮು ಎತ್ತಿಡುತ್ತಾರೆ, ನಾನು ಅಲ್ಲಿ ಒಬ್ಬಳೇ ಮಲಗುತ್ತೇನೆ, ನಿದ್ದೆಯೂ ಬರುತ್ತದೆ. ಇಷ್ಟು ಸಲ ಹೋಗುತ್ತೀಯಲ್ಲ, ಸ್ವಲ್ಪ ಜಪಾನೀಸ್ ಕಲಿ ಅಂತ ಮಗಳು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಅವತ್ತೇ ಅದನ್ನು ತೆಗೆದು ಹಾಕಿದೆ. ಆ ಮಾತು ಅರ್ಥವಾಗಿಬಿಟ್ಟರೆ ಅಲ್ಲಿ ಹೋಗಿ ಮಲಗುವವರು ಯಾರು?